ಸೈಲೆನ್ಸರ್ ಶೋಕಿ

1998ರವರೆಗಿನ ಪೋರ್ಷೆ 911ಕ್ಕೆ ರೇಡಿಯೇಟರ್ ಇಲ್ಲ. ಹಿಂಬದಿಯಲ್ಲಿ ಕೂತ ಆರು ಸಿಲಿಂಡರಿನ ಎಂಜಿನ್ನಿಗೆ ಫ್ಯಾನಿನ ಗಾಳಿ, ಒಂದಿಷ್ಟು ಆಯಿಲ್, ಅಷ್ಟೇ ತಂಪು. ಬಿಸಿನೀರೇ ಇಲ್ಲದ ಮೇಲೆ ಒಳಗಿನವರಿಗೆ ಹೀಟರ್ ಎಲ್ಲಿಂದ? ಎಕ್ಸಾಸ್ಟ್ ಕೊಳವೆಗೆ ತಗಡಿನ ಅಂಗಿ ತೊಡಿಸಿ, ನಡುವೆ ಹಾಯ್ದು ಬಿಸಿಯಾದ ಗಾಳಿಯನ್ನೇ ಒಳಗೆ ಬಿಟ್ಟರು. ಹಂಡೆ ಒಲೆಯಲ್ಲೇ ಗೆಣಸು ಸುಟ್ಟುಕೊಳ್ಳುವ ಜಾಣತನ.

ಸ್ಟುಟ್‌ಗಾರ್ಟಿನ ಶೋಕಿಗಾರನಿಗೆ ಅದು ಸಾಲದು. ಸದ್ದು ಬೇಕು, ಇನ್ನೂ ನಾಲ್ಕು ಹಾರ್ಸ್‌ಪವರ್ ಬೇಕು. ರೇಸ್ ಕಾರಿನ ಬರಿಮೈ ಎಕ್ಸಾಸ್ಟ್ ಕೊಳವೆ, ಅಂದರೆ ಹೆಡರ್, ತರಿಸುತ್ತಾನೆ. ಸ್ಪ್ಯಾನರ್ ಮುಟ್ಟಿದ್ದೇ ತಡ, ತುಕ್ಕು ಹಿಡಿದ ಸ್ಟಡ್ಡು ಟಕ್ಕೆಂದು ಮುರಿಯುತ್ತದೆ. ಅದನ್ನು ಕೊರೆದು ತೆಗೆಯುವ ಕೂಲಿಯ ಮಾತು ಬೇಡ ಬಿಡಿ.

ಗಾಡಿ ಗುಡುಗುತ್ತದೆ, ನಿಜ. ಡಿಸೆಂಬರಿನಲ್ಲಿ ನೋಡಬೇಕು: ಗಾಜಿಗೆಲ್ಲ ಮಂಜು, ಯಜಮಾನರಿಗೆ ಕೈಗವಸು, ಪಕ್ಕದಲ್ಲಿ ಕಂಬಳಿ ಹೊದ್ದ ಹೆಂಡತಿ. ‘ಎಂಥಾ ಸದ್ದು, ಅಲ್ವೇನೇ?’ ಎಂದರೆ ಉತ್ತರವಾಗಿ ಹಲ್ಲು ಕಟಕಟ.

ಎರಡು ವರ್ಷಕ್ಕೊಮ್ಮೆ ಟ್ಯೂಫ್ ಎಂಬ ಕಡ್ಡಾಯ ವಾಹನ ತಪಾಸಣೆ ಬೇರೆ. ಗಾಡಿ ಎಷ್ಟು ಡೆಸಿಬೆಲ್ ಕೂಗಬಹುದೆಂದು ಅಲ್ಲಿ ನೋಂದಣಿ ಪತ್ರದಲ್ಲೇ ಬರೆದಿರುತ್ತದೆ. ಆಗ ಹಳೆಯ ಕೊಳವೆಗಳು ಅಟ್ಟದಿಂದ ಇಳಿದು ಮತ್ತೆ ಗಾಡಿ ಸೇರುತ್ತವೆ. ಹೆಂಡತಿ ಅಂದು ಕರೆಯದಿದ್ದರೂ ಜೊತೆಗೆ ಹೊರಡುತ್ತಾಳೆ.