ಕುಂತಿ ಬೆಟ್ಟದ ಧೂಮಕೇತು

ಜೋರ್ಡಾನಿನ ವಾದಿ ರಮ್ ಮರುಭೂಮಿಯಲ್ಲಿ ಬಂಡೆಗಳ ಮೇಲೆ ಆಕಾಶಗಂಗೆ ಹರಿಯುವ ಫೋಟೊ ನೋಡಿದೆ. ಜೇಬು ಮುಟ್ಟಿ ನೋಡಿಕೊಂಡು ಪಾಂಡವಪುರದ ಬಸ್ಸು ಹತ್ತಿದೆ. ಕುಂತಿ ಬೆಟ್ಟವೇನು ಕಡಿಮೆಯೇ? 200 ಕೋಟಿ ವರ್ಷಕ್ಕೂ ಹಳೆಯ ಬಂಡೆ. ತಾಯಿಯೊಡನೆ ಪಾಂಡವರು ತಂಗಿದ್ದರೆಂಬ ಪ್ರತೀತಿ ಬೇರೆ. ಆಮೇಲೆ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟು ಊರಿಗೇ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಂತು. ಇಷ್ಟು ಜನ ನೆಂಟರನ್ನು ಸಹಿಸಿದ ಬೆಟ್ಟ ನನ್ನನ್ನೂ ಸಹಿಸೀತು.

ಮೇ ತಿಂಗಳ ಅಮಾವಾಸ್ಯೆ. ಬೆಟ್ಟದ ಬುಡದ ಹೊಲದಂಚಿನಲ್ಲೇ ಟ್ರೈಪಾಡ್ ಊರಿದೆ. ಶಟರ್ ಎಷ್ಟು ಹೊತ್ತು ತೆರೆದಿಡಬೇಕೆಂದು ತಿಳಿಯಲು 500ನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಬೇಕು, 20 ಮಿ.ಮೀ. ಲೆನ್ಸಿಗೆ 25 ಸೆಕೆಂಡು. ಹೆಚ್ಚು ಬಿಟ್ಟರೆ ಭೂಮಿ ತಿರುಗಿ ಚುಕ್ಕಿಗಳೆಲ್ಲ ಶಾವಿಗೆ. ಆದರೆ ಆಕಾಶಗಂಗೆಯ ನಡುಭಾಗ ಕಾಣುವುದು ದಕ್ಷಿಣಕ್ಕೆ. ಶ್ರೀರಂಗಪಟ್ಟಣ, ಮೈಸೂರಿನ ದೀಪಗಳೂ ಅತ್ತಲೇ! ವೃಶ್ಚಿಕದ ಬಾಲಕ್ಕೆ ಯಾರೋ ಅರಿಶಿನ ಬಳಿದಂತಿತ್ತು. ನಾಗಮಂಗಲದ ಕಡೆ ಕತ್ತಲೇನೋ ಗಟ್ಟಿ, ಅದು ಉತ್ತರ.

ಅಂತೂ ಶಟರ್ ಒತ್ತಿದೆ. 19ನೇ ಸೆಕೆಂಡಿಗೆ ಟಾರ್ಚು ಬಂತು. ಗದ್ದೆಗೆ ನೀರು ಕಟ್ಟಲು ಹೊರಟ ಹಿರಿಯರು.

“ಯಾರಪ್ಪ ಅದು? ಸರ್ವೇನವ್ರಾ?”

“ಇಲ್ಲ ಯಜಮಾನ್ರೇ, ಚುಕ್ಕಿ ಫೋಟೊ ತೆಗೀತಿದ್ದೀನಿ. ಆಕಾಶಗಂಗೆಯ ನಡುಭಾಗದ ಬೆಳಕು ಹೊರಟು ಸುಮಾರು 26,000 ವರ್ಷ ಆಯ್ತು.”

“ಅಷ್ಟ್ ವರ್ಷ ಬಂದಿದ್ದು ನಾಳೀಕೂ ಬತ್ತದೆ ಬುಡು. ಚಿರತೆ ಓಡಾಡೋ ಜಾಗ, ನಡಿ ಮನೆಗೆ.”

ಫೋಟೊದಲ್ಲಿ ಆಕಾಶಗಂಗೆ ಇಲ್ಲ. ಬಂಡೆಯ ಮುಂದೆ ಯಜಮಾನರ ಟಾರ್ಚು ಮಾತ್ರ ಉದ್ದ ಬಾಲ ಬಿಟ್ಟುಕೊಂಡು ಹೊಳೆಯುತ್ತಿದೆ. ಮನೆಗೆ ಬಂದವರೆಲ್ಲ “ಯಾವ ಧೂಮಕೇತು?” ಅಂತ ಕೇಳುತ್ತಾರೆ, ಪಾಂಡವಪುರದ್ದು ಅನ್ನುತ್ತೇನೆ.