ಮೊದಲೇ ಬಂದವರು

ಊರು ಬಿಟ್ಟು ಊರಿಗೆ ಹೋದವನಿಗೆ ಬಾಡಿಗೆ ಮನೆ ಸಿಗುವ ಮೊದಲೇ ಒಬ್ಬ ಗುರು ಸಿಗುತ್ತಾನೆ. ಮುಂಬಯಿಯ ಮಾಟುಂಗಾ ಆಗಲಿ, ದೆಹಲಿಯ ಕರೋಲ್‌ಬಾಗ್ ಆಗಲಿ, ಹೈದರಾಬಾದಿನ ಮೆಹದಿಪಟ್ಟಣವೇ ಆಗಲಿ, ಈ ನಿಯಮಕ್ಕೆ ವಿನಾಯಿತಿ ಇಲ್ಲ. ಗುರುವಾಗಲು ಬೇಕಾದ ಅರ್ಹತೆ ಒಂದೇ: ನಿಮಗಿಂತ ಮೊದಲು ಬಂದಿರಬೇಕು. ಮೂವತ್ತು ವರ್ಷ ಮೊದಲಾದರೂ ಸರಿ, ಮೂರು ವಾರ ಮೊದಲಾದರೂ ಸರಿ, ಬೋಧನೆಯ ಉತ್ಸಾಹದಲ್ಲಿ ಏನೂ ವ್ಯತ್ಯಾಸವಿರುವುದಿಲ್ಲ. ಹಾಲು ಎಲ್ಲಿ ಕೊಳ್ಳಬೇಕು, ಯಾವ ರಸ್ತೆಗೆ ಸಂಜೆ ಆರರ ಮೇಲೆ ಕಾಲಿಡಬಾರದು, ಇಲ್ಲಿಯ ಪ್ಲಂಬರ್ "ಐದು ನಿಮಿಷ" ಅಂದರೆ ಯಾವ ದಿನ ಬರುತ್ತಾನೆ, ಎಲ್ಲ ಹೇಳಿಕೊಡುತ್ತಾನೆ. ನೀವು ಕೇಳಲೇಬೇಕೆಂದೇನೂ ಇಲ್ಲ. ಗುರುವಿಗೆ ಶಿಷ್ಯ ಬೇಕು, ಶಿಷ್ಯನಿಗೆ ಗ್ಯಾಸ್ ಸಿಲಿಂಡರ್ ಬೇಕು. ಸಂಬಂಧ ಕುದುರುವುದು ಹಾಗೆ.

ನನ್ನ ಪಾಲಿಗೆ ಬಂದವರು ನಮ್ಮ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯ ಕಾಕಾ. ಭಾಲ್ಕಿ ಕಡೆಯವರು. ಹರೆಯದಲ್ಲೇ ಹೈದರಾಬಾದಿಗೆ ಬಂದು, ಯಾವುದೋ ಇಲಾಖೆಯಲ್ಲಿ ಗುಮಾಸ್ತರಾಗಿ ದುಡಿದು, ನಿವೃತ್ತರಾದ ಮಾರನೆಯ ದಿನದಿಂದ ಹೊಸದಾಗಿ ಬಂದ ಕನ್ನಡಿಗರನ್ನು ಈ ಊರಿಗೆ ಒಗ್ಗಿಸುವ ಕೆಲಸಕ್ಕೆ ತಮ್ಮನ್ನು ತಾವೇ ನೇಮಿಸಿಕೊಂಡವರು. ಬ್ಯಾಂಕಿನವರು ನನ್ನನ್ನು ಬೆಂಗಳೂರಿನಿಂದ ಎತ್ತಿ ಇಲ್ಲಿಗೆ ಹಾಕಿದಾಗ, ಮನೆ ನೋಡಲು ಬಂದ ದಿನವೇ ಲಿಫ್ಟಿನಲ್ಲಿ ಸಿಕ್ಕಿದರು. ಮೂರನೇ ಮಹಡಿ ತಲುಪುವುದರೊಳಗೆ ಪ್ರವೇಶ ಪರೀಕ್ಷೆ ಶುರುವಾಯಿತು.

"ಮೆಹದಿಪಟ್ಟಣಂ ಅಂತೀರಲ್ಲ, ಆ ಮೆಹದಿ ಯಾರು? ಗೊತ್ತದೇನ್ರಿ?"

"ಇಲ್ಲಿ ಮೆಹಂದಿ ಹಚ್ಚೋರು ಜಾಸ್ತಿ ಇದ್ರೇನೋ" ಅಂದಳು ನನ್ನ ಹೆಂಡತಿ.

ಕಾಕಾ ಕಣ್ಣು ಮುಚ್ಚಿಕೊಂಡರು. ಹೊಸಬರು ತಪ್ಪು ಉತ್ತರ ಕೊಟ್ಟಾಗ ಅವರ ಮುಖದಲ್ಲಿ ಮೂಡುವ ಆ ನೆಮ್ಮದಿ ನೋಡುವಂಥದ್ದು. ನವಾಬ್ ಮೆಹದಿ ನವಾಜ್ ಜಂಗ್, ಹೈದರಾಬಾದ್ ರಾಜ್ಯದಲ್ಲಿ ಮಂತ್ರಿಯಾಗಿದ್ದವರು, 1960ರಲ್ಲಿ ಗುಜರಾತ್ ರಾಜ್ಯ ಹುಟ್ಟಿದಾಗ ಅದರ ಮೊದಲ ರಾಜ್ಯಪಾಲರು. ಇಷ್ಟನ್ನೂ ಅವರು ಲಿಫ್ಟಿನ ಬಾಗಿಲಿಗೆ ಕಾಲು ಅಡ್ಡ ಇಟ್ಟುಕೊಂಡೇ ಹೇಳಿದರು. ಕೆಳಗೆ ಯಾರೋ ಗುಂಡಿ ಒತ್ತುತ್ತಲೇ ಇದ್ದರು.

ಕಾಕಾರ ಪಾಠಗಳಲ್ಲಿ ನನ್ನನ್ನು ಹೆಚ್ಚು ಗೋಳಾಡಿಸಿದ್ದು ಪಿಲ್ಲರ್ ಪಾಠ. ಮೆಹದಿಪಟ್ಟಣದಿಂದ ಆರಾಂಘರ್‌ವರೆಗೆ ತಲೆಯ ಮೇಲೆ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್‌ವೇ ಹಾದುಹೋಗುತ್ತದೆ. ಉದ್ದ 11.6 ಕಿಲೋಮೀಟರ್, ವಿಮಾನ ಹಿಡಿಯುವವರು ಸರ್ರನೆ ಹೋಗಲೆಂದು 2009ರ ಅಕ್ಟೋಬರಿನಲ್ಲಿ ತೆರೆದದ್ದು. ಮೇಲೆ ಓಡುವವರಿಗೆ ಅದು ರಸ್ತೆ, ಕೆಳಗೆ ಬದುಕುವವರಿಗೆ ಅದು ವಿಳಾಸ. ಮೆಹದಿಪಟ್ಟಣದ ತುದಿಯಿಂದ ಕಂಬಗಳಿಗೆ ನಂಬರು ಶುರುವಾಗಿ ಆರಾಂಘರ್ ಹೊತ್ತಿಗೆ ಮುನ್ನೂರರ ಹತ್ತಿರ ಬರುತ್ತದೆ. ಮದುವೆ ಹಾಲು, ಹಲ್ಲಿನ ಡಾಕ್ಟರು, ಟ್ಯೂಷನ್ ಮೇಡಂ, ಎಲ್ಲರೂ ಇಂತಿಷ್ಟನೇ ಪಿಲ್ಲರಿನ ಎದುರಿಗೇ ಇರುತ್ತಾರೆ. ಮನೆಗೆ ಬೇರೆ ನಂಬರು ಇಲ್ಲವೆಂದಲ್ಲ. 12-2 ಎಂದು ಶುರುವಾಗಿ ನಡುವೆ ಒಂದೆರಡು ಅಡ್ಡಗೆರೆ ಹಾಕಿಕೊಂಡು ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರದೊಂದಿಗೆ ಮುಗಿಯುವ ನಂಬರು ಬಾಗಿಲ ಮೇಲೆಯೇ ಇದೆ. ಅದನ್ನು ನಂಬಿ ಮನೆ ಹುಡುಕಿದವರನ್ನು ನಾನಿನ್ನೂ ಕಂಡಿಲ್ಲ. ನಮ್ಮ ಪಿಲ್ಲರ್ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಕಾಕಾ ಬಂದು, ಅದಲ್ಲ, ಅದರ ಪಕ್ಕದ್ದು ಎಂದು ತಿದ್ದುತ್ತಾರೆ.

ನಮ್ಮ ಸಾಮಾನಿನ ಲಾರಿ ಬಂದದ್ದು ರಾತ್ರಿ. ಹಗಲು ದೊಡ್ಡ ಲಾರಿಗಳನ್ನು ಊರೊಳಗೆ ಬಿಡುವುದಿಲ್ಲ ಎಂಬುದೂ ಕಾಕಾರೇ ಹೇಳಿದ ವಿಷಯ. ಡ್ರೈವರ್ ಆರಾಂಘರ್‌ನಿಂದ ಫೋನ್ ಮಾಡಿದ. ನಾನು ಬೆಂಗಳೂರಿನ ಅಭ್ಯಾಸದಲ್ಲಿ, "ಮೇನ್ ರೋಡಿಂದ ಎಡಕ್ಕೆ ಮೂರನೇ ಕ್ರಾಸು ಕಣಣ್ಣ, ಮೂಲೇಲೊಂದು ಮೆಡಿಕಲ್ ಸ್ಟೋರು" ಎಂದು ಶುರು ಮಾಡಿದ್ದೆ. ಕಾಕಾ ಫೋನು ಕಿತ್ತುಕೊಂಡರು. "ಇಲ್ಲಿ ಮೇನೂ ಇಲ್ಲ, ಕ್ರಾಸೂ ಇಲ್ಲ. ಸುಮ್ಮಿರ್ರಿ." ಆಮೇಲೆ ಫೋನಿಗೆ, "ಸೀದಾ ಆಜಾವ್ ಭಾಯ್, ಪಿಲ್ಲರ್ ದೇಖ್ತೆ ಆವ್, ಲೆಫ್ಟ್ ನಕ್ಕೋ ಮಾರೋ!" ಅತ್ತ ಕಡೆಯಿಂದ ಡ್ರೈವರ್, "ಸಾರ್, ಇವ್ರು ಏನೇಳ್ತಾವ್ರೆ?" ಎಂದು ನನ್ನನ್ನು ಕೇಳುತ್ತಿದ್ದ. ಕನ್ನಡದವನು ಎಂದು ತಿಳಿದದ್ದೇ ಕಾಕಾ ಕನ್ನಡಕ್ಕೆ ಬಂದರು. ಅಷ್ಟರಲ್ಲಿ ಲಾರಿ ನಮ್ಮ ಪಿಲ್ಲರನ್ನು ದಾಟಿ ಮುಂದೆ ಹೋಗಿಬಿಟ್ಟಿತ್ತು.

"ಮುಂದ ಹೋಗಬ್ಯಾಡ್ರಿ! ಹೊಳ್ಳಿ ಬರ್ರಿ, ಹೊಳ್ರಿ, ಹೊಳ್ರಿ!"

"ಹೊಳೆನಾ? ಹೊಳೆ ಆಗ್ಲೇ ದಾಟ್ಕಂಡ್ ಬಂದ್ನಲ್ಲ ಸಾರ್."

ಅವನು ಹೇಳಿದ್ದು ಸುಳ್ಳಲ್ಲ. ಅತ್ತಾಪುರದ ಹತ್ತಿರ ಮೂಸಿ ನದಿ ದಾಟಿಯೇ ಬರಬೇಕು. ಕಾಕಾ ಮತ್ತೆ ಹೊಳ್ರಿ ಎಂದರು, ಅವನು ಲಾರಿ ತಿರುಗಿಸಿದ, ನಮ್ಮ ಗಲ್ಲಿಯ ಬಾಯಿಯನ್ನು ಮತ್ತೊಮ್ಮೆ ದಾಟಿ, ಮೂಸಿ ಸೇತುವೆಯ ಬಳಿ ಹೋಗಿ ನಿಂತು, ಹೊಳೆ ಬಂತು, ಇನ್ನೇನು ಮಾಡಲಿ ಎಂದು ಕೇಳಿದ. ನಮ್ಮ ಅಟ್ಟದ ಪಾತ್ರೆ, ಅಲಮಾರು, ತುಳಸಿ ಕುಂಡ ಎಲ್ಲ ಅಷ್ಟು ಹೊತ್ತಿನಲ್ಲಿ ನದೀತೀರದಲ್ಲಿದ್ದವು. ಕೊನೆಗೆ ಕಾಕಾ ಸೋತ ದನಿಯಲ್ಲಿ, "ನಿಮ್ಮ ಊರು ಯಾವುದಪ್ಪಾ?" ಎಂದರು.

"ಪಾವಗಡ ಸಾರ್."

ಪಾವಗಡ ಕರ್ನಾಟಕದಲ್ಲಿದ್ದರೂ ಅಲ್ಲಿ ಅರ್ಧಕ್ಕರ್ಧ ಮನೆಗಳಲ್ಲಿ ತೆಲುಗು ಎಂಬುದು ಕಾಕಾರಿಗೆ ಗೊತ್ತಿತ್ತು. ಮುಖ ಅರಳಿತು. "ಎಕ್ಕಡ ಉನ್ನಾವ್ ತಮ್ಮೀ?" "ಏಟಿ ಕಾಡ ಉಂಡಾನು ಸಾರ್!" ಮುಂದಿನದೆಲ್ಲ ಸಲೀಸಾಯಿತು. ಒಬ್ಬ ಕನ್ನಡಿಗನ ಮನೆಯನ್ನು ಇಬ್ಬರು ಕನ್ನಡಿಗರು ತೆಲುಗಿನಲ್ಲಿ ಹುಡುಕಿಕೊಂಡರು. ನಾನು ಪಕ್ಕದಲ್ಲಿ ನಿಂತಿದ್ದೆ.

ಇಷ್ಟಾದ ಮೇಲೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ ಅದಕ್ಕೂ ಅವರು ಅವಕಾಶ ಕೊಡಲಿಲ್ಲ. ಸರಿರಾತ್ರಿಯಲ್ಲಿ ಲುಂಗಿ ಎತ್ತಿ ಕಟ್ಟಿ, ಹಮಾಲಿಗಳ ಕೈಗೆ ಕೊಡದೆ ತುಳಸಿ ಕುಂಡವನ್ನು ತಾವೇ ಮೂರು ಮಹಡಿ ಹೊತ್ತು ತಂದಿಟ್ಟರು. ಫ್ರಿಜ್ಜು ನಿಲ್ಲಿಸುವವರೆಗೂ ಹೋಗಲಿಲ್ಲ. ಹೋಗುವಾಗ, ಅದನ್ನು ಈಗಲೇ ಹಚ್ಚಬೇಡಿ ಎಂದು ಒಂದು ಸಲ, ಮೆಟ್ಟಿಲಿನಿಂದ ಇನ್ನೊಂದು ಸಲ, ಮನೆ ತಲುಪಿ ಫೋನಿನಲ್ಲಿ ಮತ್ತೊಂದು ಸಲ ಹೇಳಿದರು.

ಬಾಡಿಗೆ ಮನೆಯ ಅಡ್ವಾನ್ಸ್ ಇಲ್ಲಿ ಎರಡು ಮೂರು ತಿಂಗಳಿನದಷ್ಟೇ. "ನಿಮ್ಮ ಬೆಂಗಳೂರಾಗ ಹತ್ತು ತಿಂಗಳದು ಹಿಡೀತಾರಂತಲ್ಲ?" ಎಂದು ಕೇಳುವಾಗ ಈ ರಿಯಾಯಿತಿಯನ್ನು ತಾವೇ ಮಂಜೂರು ಮಾಡಿಸಿದ ಗತ್ತು. ರೈತು ಬಜಾರಿನಲ್ಲಿ ಬೆಲೆಗಳನ್ನು ಹಲಗೆಯ ಮೇಲೆ ಬರೆದಿರುತ್ತಾರೆ, ಚೌಕಾಸಿ ಮಾಡಿ ಮಾನ ಕಳೆಯಬೇಡಿ ಎಂದು ನನ್ನ ಹೆಂಡತಿಗೆ ತಾಕೀತು. ಜನವರಿ ಒಂದಕ್ಕೆ ನಾಂಪಲ್ಲಿಯಲ್ಲಿ ನುಮಾಯಿಷ್ ಶುರುವಾದರೆ ಹೊಸಬರೆಲ್ಲ ಅವರ ಹಿಂದೆ ಸಾಲಾಗಿ ಹೋಗಬೇಕು. 1938ರಲ್ಲಿ ಹುಟ್ಟಿದ ಆ ಪ್ರದರ್ಶನದಲ್ಲಿ ಕಾಶ್ಮೀರದ ಶಾಲಿನಿಂದ ಹಿಡಿದು ಏನೆಲ್ಲ ಸಿಗುತ್ತದೆಂದು ವರ್ಣಿಸುತ್ತ ಮುಂದೆ ನಡೆಯುವ ಕಾಕಾ, ಸ್ವತಃ ಒಂದು ಪ್ಲೇಟ್ ಮಿರ್ಚಿ ಬಜ್ಜಿ ಬಿಟ್ಟು ಬೇರೇನೂ ಕೊಳ್ಳುವುದಿಲ್ಲ. ಆಷಾಢದಲ್ಲಿ ಬೋನಾಲು ಮೊದಲು ಗೋಲ್ಕೊಂಡದಲ್ಲೇ ಯಾಕೆ, ದಸರೆಯಲ್ಲಿ ಬತುಕಮ್ಮನಿಗೆ ಗುಡಿಮಲ್ಕಾಪುರದ ಹೂವಿನ ಮಾರುಕಟ್ಟೆಗೆ ಎಷ್ಟು ಹೊತ್ತಿಗೆ ಹೋಗಬೇಕು, ಎಲ್ಲಕ್ಕೂ ಉತ್ತರ ಸಿದ್ಧ. ಹಲೀಮಿಗೆ 2010ರಲ್ಲೇ ಭೌಗೋಳಿಕ ಗುರುತು ಸಿಕ್ಕಿತೆಂದು ರಂಜಾನ್ ತಿಂಗಳಿಡೀ ಹೆಮ್ಮೆಯಿಂದ ಹೇಳುತ್ತಾರೆ. ಅವರು ಲಿಂಗಾಯತರು, ಹಲೀಮಿನ ವಾಸನೆ ನೋಡಿದವರೂ ಅಲ್ಲ. ರಾಜ್ಯೋತ್ಸವಕ್ಕೆ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಕರೆದೊಯ್ಯುವುದೂ ಅವರೇ. ಬೆಂಗಳೂರಿನ ರೈಲು ಹೊರಡುವುದೂ ಕಾಚಿಗುಡದಿಂದಲೇ. ಮನಸ್ಸು ತಡೆಯದವರು ಭಾಷಣದ ನಡುವೆಯೇ ಎದ್ದು ರೈಲು ಹತ್ತಲಿ ಎಂದೇ ಹಿರಿಯರು ಅಲ್ಲಿ ಜಾಗ ನೋಡಿರಬೇಕೆಂದು ನನ್ನ ಅನುಮಾನ.

ಆದರೆ ನಾನು "ಬೇರೆ ರಾಜ್ಯಕ್ಕೆ ಬಂದೆ" ಎಂದು ಬಾಯಿತಪ್ಪಿ ಅಂದರೆ ಕಾಕಾ ಸಹಿಸುವುದಿಲ್ಲ. "ಬ್ಯಾರೆ ರಾಜ್ಯಕ್ಕಲ್ರೀ, ನಮ್ಮ ರಾಜಧಾನಿಗಿ ಬಂದೀರಿ." ಲೆಕ್ಕ ಸರಿಯೇ. 1956ರ ನವೆಂಬರ್ 1ರ ತನಕ ಬೀದರ, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಕಾಕಾರ ಅಪ್ಪನಿಗೆ ಹೊಲದ ತಗಾದೆಯೊಂದು ಇಲ್ಲಿಯ ಹೈಕೋರ್ಟಿನಲ್ಲಿತ್ತಂತೆ. ಭಾಲ್ಕಿಯಲ್ಲಿ ರೈಲು ಹತ್ತಿ ಬಂದು, ವಕೀಲರ ಜೊತೆ ಉರ್ದುವಿನಲ್ಲಿ ಮಾತಾಡಿ, ಇರಾನಿ ಹೋಟೆಲಿನಲ್ಲಿ ಚಹಾ ಕುಡಿದು ಹೋಗುತ್ತಿದ್ದರಂತೆ. ಒಂದು ಬೆಳಗ್ಗೆ ರಾಜ್ಯ ಬದಲಾಯಿತು, ಕೇಸು ಬೆಂಗಳೂರಿಗೆ ಹೋಯಿತು. ಅದು ಸುಮಾರು 700 ಕಿಲೋಮೀಟರ್ ದೂರ. ಅಲ್ಲಿ ಗುರುತಿನವರಿಲ್ಲ, ವಕೀಲರ ಮಾತು ತಿಳಿಯದು. "ಅಪ್ಪ ಒಮ್ಮಿ ಹೋಗಿ ಬಂದ. ಆಮ್ಯಾಲ ಹೊಲ ಹೋದ್ರ ಹೋಗ್ಲಿ ಅಂತ ಬಿಟ್ಟ." ಕಲಬುರಗಿಗೆ ಹೈಕೋರ್ಟ್ ಪೀಠ ಬಂದದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಆ ಹೊಲವೂ ಇರಲಿಲ್ಲ, ಅಪ್ಪನೂ ಇರಲಿಲ್ಲ. ಈ ಕಥೆ ಹೇಳುವಾಗ ಮಾತ್ರ ಕಾಕಾ ಪಾಠ ಮಾಡುವ ದನಿ ಬಿಟ್ಟಿರುತ್ತಾರೆ. ಹೊಸ ಊರಿನಲ್ಲಿ ಲಿಫ್ಟಿನಿಂದಲೇ ಶಿಷ್ಯನನ್ನು ಹಿಡಿಯುವ ಇಂಥವರೊಬ್ಬರು ಆ ಅಪ್ಪನಿಗೆ ಬೆಂಗಳೂರಿನಲ್ಲಿ ಸಿಕ್ಕಿದ್ದರೆ ಏನಾಗುತ್ತಿತ್ತೋ ಎಂದು ನನಗೂ ಅನ್ನಿಸಿತು.

ಹೀಗಿರುವಾಗ ಕಾಕಾರ ಮಗಳಿಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿತು. ಅಂದು ಸಂಜೆ ಕಾಕಾ ಒಂದು ನೋಟ್‌ಪುಸ್ತಕ, ಎರಡು ಪೆನ್ನು ಹಿಡಿದು ನಮ್ಮ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಜೀವನದಲ್ಲಿ ಇಂಥ ಅವಕಾಶ ಮತ್ತೆ ಬರುವುದಿಲ್ಲವೆಂದು ನಾನು ಕಾಲ ಮೇಲೆ ಕಾಲು ಹಾಕಿಕೊಂಡೆ. ಪಿ.ಜಿ. ನೋಡುವುದು ಹೇಗೆ, ದರ್ಶಿನಿಯಲ್ಲಿ ಟೋಕನ್ ಎಲ್ಲಿ, ಬೈಟು ಕಾಫಿ ಎಂದರೇನು, ಆಟೋದವರೊಡನೆ ಯಾವ ದನಿಯಲ್ಲಿ ಮಾತಾಡಬೇಕು, ಒಂದನ್ನೂ ಬಿಡಲಿಲ್ಲ. ಸಿಲ್ಕ್ ಬೋರ್ಡ್ ಬಗ್ಗೆಯೇ ಪ್ರತ್ಯೇಕ ಉಪನ್ಯಾಸ ಕೊಟ್ಟೆ: ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ಮನೆಯಿಂದ ಊಟ ಕಟ್ಟಿಕೊಂಡು ಹೊರಡಬೇಕು, ಬಸ್ಸಿನಲ್ಲೇ ಒಂದು ನಿದ್ದೆ ಮುಗಿಸಬೇಕು, ಬೇರೆ ದಾರಿಯೇ ಇಲ್ಲ. ಕಾಕಾ ತಲೆ ಎತ್ತದೆ ಬರೆದುಕೊಂಡರು. ಅವರು ನಡುವೆ ಬಾಯಿ ಹಾಕದೆ ಕೂತಿದ್ದನ್ನು ನೋಡಿ ಹೆಂಡತಿ ಒಳಗಿನಿಂದ ಎರಡು ಸಲ ಇಣುಕಿ ಹೋದಳು.

ಎಲ್ಲ ಮುಗಿದ ಮೇಲೆ ಪುಸ್ತಕ ಮುಚ್ಚಿ, ಪೆನ್ನನ್ನು ಜೇಬಿಗೆ ಸಿಕ್ಕಿಸಿ, ಸ್ವಲ್ಪ ಹೊತ್ತು ಕೂತು ಕೇಳಿದರು. "ಮನ್ಯಾಗ ಆಕಿ ಮಾತಾಡೋದು ನಮ್ಮ ಕನ್ನಡ. ಅದರಾಗ ಉರ್ದು ಅದ, ತೆಲುಗೂ ಅದ. ಅಲ್ಲಿ ನಡೀತದಲ್ರಿ? ನಗಂಗಿಲ್ಲಲ್ಲ ಯಾರೂ?"

"ಏ, ಯಾರು ನಗ್ತಾರೆ ಕಾಕಾ" ಎಂದೆ. ಒಳಗೆ ಹೆಂಡತಿ ಸುಮ್ಮನಾಗಿದ್ದಳು. ಆ ಲಾರಿಯ ಹೊಳೆಯ ಕಥೆಯನ್ನು ಊರಿನಲ್ಲಿ ಎಷ್ಟು ಜನರ ಮುಂದೆ ನಾವಿಬ್ಬರೂ ಅಭಿನಯ ಸಮೇತ ಹೇಳಿದ್ದೇವೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಮಗಳನ್ನು ಬಿಟ್ಟುಬರಲು ಹೋದ ಕಾಕಾ ಒಂದು ವಾರ ಬಿಟ್ಟು ವಾಪಸಾದರು. ಚಪ್ಪಲಿ ಬಿಡುವ ಮೊದಲೇ ಶುರು. "ಏನ್ರೀ, ಸಿಲ್ಕ್ ಬೋರ್ಡ್ ಸಿಲ್ಕ್ ಬೋರ್ಡ್ ಅಂತ ಅಂಜಿಸಿದ್ರಿ! ಹಳದಿ ಲೈನ್ ಮೆಟ್ರೊ ಅದ ಅಲ್ಲ, 2025ರ ಆಗಸ್ಟಿನಾಗೇ ಚಾಲೂ ಆಗೇದ. ಆರ್.ವಿ. ರೋಡಿನಾಗ ಹತ್ತಿದ್ರ ಸೀದಾ ಎಲೆಕ್ಟ್ರಾನಿಕ್ ಸಿಟಿ. ಮ್ಯಾಲಿಂದ ಸಿಲ್ಕ್ ಬೋರ್ಡ್ ನೋಡಿದೆ, ಏನಿಲ್ಲ." ಆ ಲೈನ್ ಬರುವ ಎಷ್ಟೋ ಮೊದಲೇ ನಾನು ಬೆಂಗಳೂರು ಬಿಟ್ಟಿದ್ದೆ. ಮಗಳ ಕನ್ನಡಕ್ಕೆ ಯಾರೂ ನಗಲಿಲ್ಲವಂತೆ, ಪಿ.ಜಿ.ಯಲ್ಲಿರುವವರಿಗೆ ಯಾರಿಗೂ ಕನ್ನಡ ಬರುವುದಿಲ್ಲವಂತೆ. ಮಗಳ ಪಕ್ಕದ ಕೋಣೆಗೆ ಒಡಿಶಾದಿಂದ ಅದೇ ದಿನ ಬಂದಿದ್ದ ಹುಡುಗಿಯ ತಂದೆತಾಯಿಗೆ ಕಾಕಾರೇ ಮೆಟ್ರೊ ಕಾರ್ಡು ಮಾಡಿಸಿಕೊಟ್ಟು, ಬೈಟು ಕಾಫಿ ಕುಡಿಸಿ, ಆಟೋದವರೊಡನೆ ಯಾವ ದನಿಯಲ್ಲಿ ಮಾತಾಡಬೇಕೆಂದು ತೋರಿಸಿ ಬಂದಿದ್ದಾರೆ.

ಬರುವ ತಿಂಗಳು ನನಗೆ ಬೆಂಗಳೂರಿನಲ್ಲಿ ಸ್ವಲ್ಪ ಕೆಲಸವಿದೆ. ಎಲ್ಲಿ ಇಳಿದು ಏನು ಹಿಡಿಯಬೇಕೆಂದು ಕಾಕಾ ಚೀಟಿ ಬರೆದುಕೊಟ್ಟಿದ್ದಾರೆ.