ವಿಳಿಂಜಂ ಕಡಲದರ್ಶನ ಮೀಮಾಂಸೆ

ಸ್ವಂತ ಊರಿನಲ್ಲಿ ಸುಮ್ಮನೆ ಕೂರಲಾಗದ ಗೃಹಸ್ಥನು, ಸುಮ್ಮನೆ ಕೂರುವ ಸಲುವಾಗಿಯೇ, ಹೆಂಡತಿ ಮಕ್ಕಳು ಮತ್ತು ಐದು ಚೀಲಗಳ ಸಮೇತ ದೂರದ ಉಪ್ಪುನೀರಿನ ಅಂಚಿಗೆ ಹೋಗಿ, ಅಲ್ಲಿಯೂ ಸುಮ್ಮನೆ ಕೂರದೆ ಹಿಂತಿರುಗುವುದೇ ಕಡಲದರ್ಶನ. ಈ ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಲ್ಲಿ ಒಂದೂ ತಗಲುವುದಿಲ್ಲ. ಮೀನುಗಾರ ದಿನವೂ ಕಡಲಿಗೆ ಹೋಗುತ್ತಾನೆ, ಆದರೆ ಅವನ ಬಳಿ ಐದು ಚೀಲಗಳಿಲ್ಲ. ದಂಡೆಯ ನಾಯಿ ನಿಜಕ್ಕೂ ಸುಮ್ಮನೆ ಮಲಗಿರುತ್ತದೆ, ಆದ್ದರಿಂದ ಅದೂ ಪ್ರವಾಸಿಯಲ್ಲ.

ಯಾವ ಶಾಸ್ತ್ರಕ್ಕೂ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯ ಬೇಕೆಂದು ಪ್ರಾಚೀನರು ವಿಧಿಸಿದ್ದಾರೆ. ಈ ಶಾಸ್ತ್ರಕ್ಕೂ ವಿನಾಯಿತಿ ಇಲ್ಲ.

ವಿಷಯವು ವಿಳಿಂಜಂ. ತಿರುವನಂತಪುರದಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್. ಒಂದು ಕಾಲಕ್ಕೆ ಆಯ್ ಅರಸರ ರೇವುಪಟ್ಟಣ. ಇದಕ್ಕಾಗಿ ಪಾಂಡ್ಯರೂ ಚೋಳರೂ ದಂಡೆತ್ತಿ ಬಂದರು. ಅವರು ರಜೆ ಹಾಕಿ ಬಂದವರಲ್ಲವಾದ್ದರಿಂದ ಇಲ್ಲಿ ಪರಿಗಣನೆಗೆ ಬರುವುದಿಲ್ಲ. ಊರೊಳಗಿನ ಒಂದು ಹೆಬ್ಬಂಡೆಯಲ್ಲಿ ಎಂಟನೆಯ ಶತಮಾನದ ಪುಟ್ಟ ಗುಹಾಲಯವಿದೆ. ಒಳಗೆ ವೀಣಾಧರ ದಕ್ಷಿಣಾಮೂರ್ತಿ. ಹೊರಗಿನ ಬಂಡೆಯ ಮೇಲೆ ಶಿವನ ಉಬ್ಬುಶಿಲ್ಪಗಳು, ಅರ್ಧಕ್ಕೇ ನಿಂತವು. ಶಿಲ್ಪಿ ಉಳಿಯನ್ನು ಕೆಳಗಿಟ್ಟು ಎಲ್ಲಿಗೆ ಹೋದನೆಂಬುದಕ್ಕೆ ಶಾಸನಾಧಾರವಿಲ್ಲ. ಆ ಕಾಲದಲ್ಲೂ ರಜೆ ಎಂಬುದೊಂದು ಇತ್ತು ಎನ್ನಲು ಇದಕ್ಕಿಂತ ಗಟ್ಟಿಯಾದ ಶಿಲಾಸಾಕ್ಷ್ಯ ದಕ್ಷಿಣ ಭಾರತದಲ್ಲಿ ಸಿಗಲಾರದು.

ವಿಳಿಂಜಂ ನೋಡಿ ಬಂದವರು ಬಹಳ, ನೋಡಿದೆ ಎನ್ನುವವರು ವಿರಳ. ಎಲ್ಲರೂ ಹೇಳುವುದು ಕೋವಳಂ ಎಂದೇ. ಕೋವಳಂ ಇರುವುದು ಮಗ್ಗುಲಲ್ಲಿಯೇ, ಮೂರು ಕಿಲೋಮೀಟರ್ ಉತ್ತರಕ್ಕೆ. 1930ರ ದಶಕದಲ್ಲಿ ತಿರುವಿದಾಂಕೂರು ರಾಜಮನೆತನ ಅಲ್ಲಿ ಕಡಲಮನೆ ಕಟ್ಟಿತು, 70ರ ದಶಕದಲ್ಲಿ ಹಿಪ್ಪಿಗಳು ಬಂದರು, ಆಮೇಲೆ ಉಳಿದವರೆಲ್ಲ ಬಂದರು. ಆ ತೀರದ ಗುರುತೆನಿಸಿದ ಕೆಂಪು ಬಿಳಿ ಪಟ್ಟೆಯ ದೀಪಸ್ತಂಭ 36 ಮೀಟರ್ ಎತ್ತರದ್ದು, 1972ರ ಜೂನ್ 30ರಂದು ಬೆಳಗತೊಡಗಿದ್ದು. ಸರ್ಕಾರಿ ದಾಖಲೆಯಲ್ಲಿ ಅದರ ಹೆಸರು ವಿಳಿಂಜಂ ದೀಪಸ್ತಂಭ. ಹೀಗೆ ಕೋವಳಂ ನೋಡಿದೆನೆಂದು ನಂಬಿದವನು ಹತ್ತಿ ಇಳಿದದ್ದು ವಿಳಿಂಜಮ್ಮನ್ನು. ಕಪ್ಪೆಚಿಪ್ಪನ್ನು ಕಂಡು ಬೆಳ್ಳಿಯೆಂದು ಭ್ರಮಿಸುವ ವೇದಾಂತದ ಹಳೆಯ ದೃಷ್ಟಾಂತಕ್ಕೆ ಇಷ್ಟು ಸೂಕ್ತ ಸ್ಥಳ ಬೇರಿಲ್ಲ; ಚಿಪ್ಪನ್ನು ಇಲ್ಲಿ ಸರ ಪೋಣಿಸಿ ಮಾರುತ್ತಾರೆ ಕೂಡ.

ಇನ್ನು ಅಧಿಕಾರಿ, ಅಂದರೆ ಈ ದರ್ಶನಕ್ಕೆ ಅರ್ಹನಾದವನು. ಬೆಂಗಳೂರಿನವರ ವಿಚಾರ ಸರಳ. ಕನ್ಯಾಕುಮಾರಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತುತ್ತಾರೆ, ಪಾಲಕ್ಕಾಡು ದಾಟುವುದರೊಳಗೆ ಪುಳಿಯೋಗರೆ ಮುಗಿದಿರುತ್ತದೆ, ಉಳಿದ ದಾರಿಗೆ ಚಕ್ಕುಲಿ. ಶಬರಿಮಲೆ ಮುಗಿಸಿ, ಇಷ್ಟು ದೂರ ಬಂದಿದ್ದೇವಲ್ಲ ಎಂಬ ಒಂದೇ ತರ್ಕದ ಮೇಲೆ ದಕ್ಷಿಣಕ್ಕೆ ಜಾರುವವರು ಇನ್ನೊಂದು ಬಗೆ. ಈ ತರ್ಕಕ್ಕೆ ಭೂಪಟದಲ್ಲಿ ಕನ್ಯಾಕುಮಾರಿಯವರೆಗೆ ಎಲ್ಲೂ ತಡೆಯಿಲ್ಲ.

ಕಠಿಣವಾದದ್ದು ಕರಾವಳಿಯವನ ಪ್ರಶ್ನೆ. ಪೂರ್ವಪಕ್ಷಿ ಕೇಳುತ್ತಾನೆ: ಮಂಗಳೂರಿನವನಿಗೆ ಪಣಂಬೂರಿದೆ, ಉಡುಪಿಯವನಿಗೆ ಮಲ್ಪೆಯಿದೆ, ಕುಮಟೆಯವನಿಗೆ ಗೋಕರ್ಣವೇ ಇದೆ; ಅದೇ ಅರಬ್ಬೀ ಸಮುದ್ರವನ್ನು ನೋಡಲು ಅದೇ ಸಮುದ್ರದ ಗುಂಟ ಆರುನೂರು ಕಿಲೋಮೀಟರ್ ಪಯಣವೇಕೆ? ಸಿದ್ಧಾಂತಿಯ ಉತ್ತರ ಹೀಗಿದೆ: ಮನೆಯ ಹತ್ತಿರದ ಕಡಲಿಗೆ ಹೋಗಲು ರಜೆಯ ಅರ್ಜಿ ಬೇಡ. ಅರ್ಜಿ ಬರೆಯದೆ, ಮೇಲಧಿಕಾರಿಯ ಮುಖ ಸಿಂಡರಿಸದೆ ದೊರೆತ ವಿಶ್ರಾಂತಿಯನ್ನು ಯಾವ ಶಾಸ್ತ್ರವೂ ವಿಶ್ರಾಂತಿಯೆಂದು ಒಪ್ಪಿಲ್ಲ. ಮೇಲಾಗಿ ಪಣಂಬೂರಿನಲ್ಲಿ ನೆಂಟರು ಎದುರಾಗುತ್ತಾರೆ.

ಆದರೆ ಉತ್ತಮಾಧಿಕಾರಿ ಇವರಾರೂ ಅಲ್ಲ, ಕಾಸರಗೋಡಿನ ಕನ್ನಡಿಗ. 1956ರ ನವೆಂಬರ್ 1ರಂದು ಅವನ ಊರು ಕೇರಳದ ಉತ್ತರದ ತುದಿಗೆ ಬಿತ್ತು, ರಾಜಧಾನಿ ದಕ್ಷಿಣದ ತುದಿಯಲ್ಲಿ ಉಳಿಯಿತು. ಮಂಜೇಶ್ವರದ, ಕುಂಬಳೆಯ, ಬದಿಯಡ್ಕದ ನಿವೃತ್ತ ಮೇಷ್ಟರು ಪಿಂಚಣಿಯ ಕಡತವನ್ನೋ ಕನ್ನಡ ಶಾಲೆಯ ಹುದ್ದೆಯ ಮಂಜೂರಾತಿಯನ್ನೋ ಬೆನ್ನಟ್ಟಿ ಇಡೀ ರಾಜ್ಯವನ್ನು ಉದ್ದಕ್ಕೆ ಅಳೆಯುತ್ತಾರೆ. ಹಿಂದೆ ಇದಕ್ಕೆ ಒಂದು ರಾತ್ರಿ ಬೇಕಿತ್ತು. 2023ರ ಏಪ್ರಿಲ್‌ನಲ್ಲಿ ವಂದೇ ಭಾರತ್ ರೈಲು ಕಾಸರಗೋಡಿಗೆ ಬಂದ ಮೇಲೆ ಎಂಟು ಗಂಟೆ ಸಾಕಾಗಿದೆ. ಕಡತದ ವೇಗಕ್ಕೂ ರೈಲಿನ ವೇಗಕ್ಕೂ ವ್ಯಾಪ್ತಿಸಂಬಂಧ ಇಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಸಹಿ ಹಾಕಬೇಕಾದವರು ಅಂದೇ ರಜೆಯಲ್ಲಿರುತ್ತಾರೆ. ನಾಳೆ ಬನ್ನಿ ಎಂಬ ವಾಕ್ಯ ಕಿವಿಗೆ ಬಿದ್ದ ಕ್ಷಣದಲ್ಲಿ ಮೇಷ್ಟರು ಪ್ರವಾಸಿಗರಾಗುತ್ತಾರೆ. ಕೈಯಲ್ಲಿ ಒಂದು ಮಧ್ಯಾಹ್ನ, ಕಂಕುಳಲ್ಲಿ ಪ್ಲಾಸ್ಟಿಕ್ ಕವರಿನೊಳಗಿನ ದಾಖಲೆ, ತಿರುವನಂತಪುರದ ಪೂರ್ವಕೋಟೆಯ ನಿಲ್ದಾಣದಲ್ಲಿ ವಿಳಿಂಜಂ ಬಸ್ಸು. ಬಯಕೆಯಿಲ್ಲ, ಬುಕಿಂಗ್ ಇಲ್ಲ, ಫಲಾಪೇಕ್ಷೆಯಂತೂ ಮೊದಲೇ ಇಲ್ಲ. ಗೀತೆ ಹೇಳುವ ನಿಷ್ಕಾಮಕರ್ಮ ಕಡಲತೀರದಲ್ಲಿ ಕಾಣಸಿಗುವುದು ಇವರಲ್ಲಿ ಮಾತ್ರ. ಮರಳಿನ ಮೇಲೆ ಸುಮ್ಮನೆ ಕೂರಬಲ್ಲವರೂ ಇವರೇ. ಕಾಯುವ ಅಭ್ಯಾಸ ಅಷ್ಟಿರುತ್ತದೆ.

ಉಳಿದವರಿಗೆ ವಿಧಿ ಬೇರೆ. ಅವರ ಯಜ್ಞಕ್ಕೆ ಟೆಂಪೋ ಟ್ರಾವೆಲರಿನ ಚಾಲಕನೇ ಅಧ್ವರ್ಯು. ಬೆಳಗಿನ ಜಾವ ಪದ್ಮನಾಭಸ್ವಾಮಿ ದೇವಸ್ಥಾನ. ಪ್ಯಾಂಟಿನವರು ಮುಂಡು ಸುತ್ತಿಕೊಳ್ಳತಕ್ಕದ್ದು, 2011ರಲ್ಲಿ ತೆರೆದ ನೆಲಮಾಳಿಗೆಯ ಚಿನ್ನ ಎಷ್ಟು ಕೋಟಿಯದೆಂದು ಸಾಲಿನಲ್ಲಿ ಚರ್ಚಿಸತಕ್ಕದ್ದು. ಅನಂತರ ನೇಪಿಯರ್ ಮ್ಯೂಸಿಯಂ, ಮೃಗಾಲಯ, ಶಂಖುಮುಖಂ ಬೀಚ್. ಪ್ರತಿಯೊಂದಕ್ಕೂ ಅಧ್ವರ್ಯು ಇಪ್ಪತ್ತು ನಿಮಿಷ ಅನುಗ್ರಹಿಸುತ್ತಾನೆ. ವಿಳಿಂಜಂ ಆಚೆಯ ಆಳಿಮಲದಲ್ಲಿ ಕಡಲಿಗೆ ಮುಖಮಾಡಿ 58 ಅಡಿಯ ಗಂಗಾಧರೇಶ್ವರ ವಿಗ್ರಹವಿದೆ, 2020ರ ಕೊನೆಯ ದಿನ ಅನಾವರಣಗೊಂಡದ್ದು. ಅದರೆದುರು ಕನ್ನಡ ಪ್ರವಾಸಿ ಉಚ್ಚರಿಸಬೇಕಾದ ಮಂತ್ರ ಒಂದೇ: ನಮ್ಮ ಮುರುಡೇಶ್ವರದ್ದು 123 ಅಡಿ. ಇಷ್ಟಾದ ಮೇಲೆ ಮರಳಿ ವಾಹನ ಏರಬಹುದು.

ಸಂಬಂಧ ಎಂದರೆ ನೋಡುವವನಿಗೂ ನೋಡಲ್ಪಡುವುದಕ್ಕೂ ಇರುವ ನಂಟು. ಸೂಕ್ಷ್ಮವಾಗಿ ಪರಿಶೀಲಿಸಿದರೆ ವಿಳಿಂಜಮ್ಮಿನಲ್ಲಿ ದೃಶ್ಯ ಎನಿಸಿಕೊಂಡದ್ದೆಲ್ಲ ಇನ್ನೊಬ್ಬರ ಪಾಳಿ. ಬೆಳಗ್ಗೆ ಹತ್ತಿಪ್ಪತ್ತು ಜನ ಹಗ್ಗ ಹಿಡಿದು ದಂಡೆಗೆ ಎಳೆಯುವ ಕಂಬವಲೆ ಪ್ರವಾಸಿಗೆ ಜಾನಪದ. ಎಳೆಯುವವರಿಗೆ ಮಧ್ಯಾಹ್ನದ ಊಟ. ಬಂಡೆಗಳ ಬುಡಕ್ಕೆ ಮುಳುಗಿ ಕಂದು ಪಚ್ಚಿಲೆ ಚಿಪ್ಪು ಕೀಳುವವರ ಉಸಿರು ಪ್ರವಾಸಿಯ ವಿಡಿಯೊಗಿಂತ ಉದ್ದ. ಇಲ್ಲಿ ಅಲೆಗಳನ್ನೂ ಸುಮ್ಮನೆ ಬಿಟ್ಟವರಿಲ್ಲ: 1991ರಲ್ಲಿ ಮದ್ರಾಸ್ ಐಐಟಿಯವರು ಮೀನುಬಂದರಿನ ತಡೆಗೋಡೆಯ ಬಳಿ 150 ಕಿಲೋವಾಟ್ ಸಾಮರ್ಥ್ಯದ ಸ್ಥಾವರ ಕಟ್ಟಿ ಅವುಗಳಿಂದ ವಿದ್ಯುತ್ ತೆಗೆದರು, ದೇಶದಲ್ಲೇ ಮೊದಲ ಬಾರಿಗೆ. ಆ ಸ್ಥಾವರ ಈಗ ನಿವೃತ್ತ.

ಹೊಸ ದುಡಿಮೆಗಾರರು ಗಾತ್ರದಲ್ಲಿ ದೊಡ್ಡವರು. ದಡದ ಹತ್ತಿರವೇ 18 ಮೀಟರಿಗೂ ಮೀರಿದ ಸಹಜ ಆಳ, ಹತ್ತು ನಾಟಿಕಲ್ ಮೈಲಿ ಆಚೆಗೆ ಅಂತರರಾಷ್ಟ್ರೀಯ ಹಡಗುದಾರಿ ಇರುವುದರಿಂದ 2015ರ ಡಿಸೆಂಬರ್‌ನಲ್ಲಿ ಇಲ್ಲಿ ಬಂದರಿನ ಕಾಮಗಾರಿ ಶುರುವಾಯಿತು. ಕಡಲ್ಕೊರೆತದಿಂದ ಮನೆ ಕಳೆದುಕೊಂಡ ಮೀನುಗಾರರು ಬಂದರೇ ಕಾರಣವೆಂದು 2022ರಲ್ಲಿ ತಿಂಗಳುಗಟ್ಟಲೆ ಹೋರಾಡಿದರು. 2024ರ ಜುಲೈನಲ್ಲಿ ಸ್ಯಾನ್ ಫೆರ್ನಾಂಡೊ ಎಂಬ ಮೊದಲ ದೊಡ್ಡ ಕಂಟೇನರ್ ಹಡಗು ಬಂತು. 2025ರ ಮೇ 2ರಂದು ಬಂದರು ಲೋಕಾರ್ಪಣೆಯಾಯಿತು. ಜೂನ್‌ನಲ್ಲಿ ಬಂದ ಎಂಎಸ್‌ಸಿ ಐರಿನಾದ ಉದ್ದ ಹೆಚ್ಚುಕಡಿಮೆ 400 ಮೀಟರ್. ಸಾವಿರಾರು ಪೆಟ್ಟಿಗೆಗಳನ್ನು ಹೊತ್ತು ಬಂದು, ಇಳಿಸಿ, ಸೂರ್ಯಾಸ್ತವನ್ನು ತಿರುಗಿಯೂ ನೋಡದೆ ಹೊರಟುಹೋಗುವ ಇವುಗಳ ಶಿಸ್ತಿಗೆ ಟೆಂಪೋ ಟ್ರಾವೆಲರ್ ಮಾತ್ರ ಸಾಟಿ.

ದರ್ಶನವಾಯಿತು ಎನ್ನಲು ಪ್ರಮಾಣವೇನು? ಪ್ರತ್ಯಕ್ಷ ಇಲ್ಲಿ ದುರ್ಬಲ. ಮೊಬೈಲು ಎತ್ತಿ ಹಿಡಿದವನು ಕಡಲಿಗೆ ಬೆನ್ನು ಹಾಕಿ ನಿಂತಿರುತ್ತಾನೆ. ಎಳನೀರು ದುಬಾರಿಯಾದುದರಿಂದ ಕಡಲು ಹತ್ತಿರವಿರಬೇಕು ಎಂಬುದು ಅನುಮಾನ. ನಮ್ಮ ಮಲ್ಪೆಯ ಹಾಗೆಯೇ ಎಂಬುದು ಉಪಮಾನ. ಎಲ್ಲಕ್ಕಿಂತ ಬಲವಾದದ್ದು ಅನುಪಲಬ್ಧಿ, ಇಲ್ಲದಿರುವುದನ್ನು ಕಂಡು ಪಡೆಯುವ ಜ್ಞಾನ. ಇದಕ್ಕೆ ಕೊಚ್ಚಿ ಪ್ರಸಿದ್ಧ. ವಾಸ್ಕೋ ಡ ಗಾಮ 1524ರಲ್ಲಿ ಅಲ್ಲೇ ಸತ್ತು ಸೇಂಟ್ ಫ್ರಾನ್ಸಿಸ್ ಚರ್ಚಿನಲ್ಲಿ ಮಣ್ಣಾದ. ಆಮೇಲೆ ಮೂಳೆಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಅವನಿಲ್ಲದ ಸಮಾಧಿಯ ಮುಂದೆ ಇಂದಿಗೂ ಜನ ಸಾಲುಗಟ್ಟಿ ನಿಲ್ಲುತ್ತಾರೆ. ತಿರುವನಂತಪುರದ ಪಾಲಿಗೆ ಶಂಖುಮುಖಂ ಇದೆ. ಅಲ್ಲಿ ಕಡಲು ಮರಳನ್ನೂ ರಸ್ತೆಯ ಅಂಚನ್ನೂ ತಿಂದು ಮುಗಿಸಿದ ವರ್ಷಗಳಲ್ಲೂ ಪ್ರವಾಸಿಗರು ಬೀಚ್ ನೋಡಿಯೇ ಬಂದರು.

ಪ್ರಯೋಜನದ ವಿಚಾರ ಚಿಕ್ಕದು. ದೃಷ್ಟಫಲ ನೇಂದ್ರಬಾಳೆಯ ಚಿಪ್ಸ್, ಎರಡು ಕೆ.ಜಿ.; ಮಲ್ಲೇಶ್ವರದಲ್ಲೂ ಸಿಗುತ್ತದೆಂಬ ಆಕ್ಷೇಪವನ್ನು ಶಾಸ್ತ್ರ ಒಪ್ಪುವುದಿಲ್ಲ. ಅದೃಷ್ಟಫಲ, ಮನೆಗೆ ಮರಳಿ ಎರಡು ದಿನ ಮಲಗಿ ಸುಧಾರಿಸಿಕೊಳ್ಳುವಾಗ ದೊರೆಯುವ ನಿಜವಾದ ವಿಶ್ರಾಂತಿ.

ಕಾಲನಿರ್ಣಯ: ನವೆಂಬರಿನಿಂದ ಫೆಬ್ರವರಿಯವರೆಗೆ ಪ್ರಶಸ್ತ. ಜೂನ್ ಮೊದಲ ವಾರದಲ್ಲಿ ಮುಂಗಾರು ಕಾಲಿಟ್ಟ ಮೇಲೆ ಈ ತೀರದ ಒಳಸೆಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ. ಇಷ್ಟು ಹೊತ್ತಿನ ವಿಧಿಗಳಿಗೆಲ್ಲ ವಿಕಲ್ಪ ಹೇಳಬಹುದು, ಒಂದಕ್ಕೆ ಮಾತ್ರ ಇಲ್ಲ: ಜೀವರಕ್ಷಕರು ಕೆಂಪು ಬಾವುಟ ನೆಟ್ಟಿದ್ದರೆ ನೀರಿಗಿಳಿಯಬೇಡಿ.